ಹಳೇ ಬೆನ್ನುನೋವಿಗೆ ಇಂಜೆಕ್ಷನ್ನೋ, ನರ ಸುಡಿಸುವುದೋ, ಯಂತ್ರ ಕೂರಿಸುವುದೋ?

ಮೂರು ತಿಂಗಳಾದರೂ ಬಿಡದ ಬೆನ್ನುನೋವು ಇದ್ದರೆ ಸಲಹೆಗಳಿಗೇನೂ ಬರ ಇಲ್ಲ. ಒಬ್ಬ ಡಾಕ್ಟರು ಎಪಿಡ್ಯೂರಲ್ ಇಂಜೆಕ್ಷನ್, ಅಂದರೆ ಬೆನ್ನುಹುರಿಯ ಹೊದಿಕೆಯ ಹೊರಗೆ ಕೊಡುವ ಸೂಜಿ, ತಗೊಳ್ಳಿ ಅನ್ನುತ್ತಾರೆ. ಇನ್ನೊಬ್ಬರು ನರ ಸುಟ್ಟರೆ ಸರಿಹೋಗುತ್ತದೆ ಅನ್ನುತ್ತಾರೆ. ಮೂರನೆಯವರು ಎಂಆರ್‌ಐ ನೋಡಿ ಆಪರೇಷನ್ ಮಾತಾಡುತ್ತಾರೆ. ಫಿಸಿಯೋಥೆರಪಿಸ್ಟ್ ಇದ್ಯಾವುದೂ ಬೇಡ, ವ್ಯಾಯಾಮ ಸಾಕು ಅನ್ನುತ್ತಾರೆ. ನೋವು ತಿನ್ನುವವರು ಮಾತ್ರ ನಡುವೆ ಸಿಕ್ಕಿಕೊಂಡಿರುತ್ತಾರೆ.

ಈ ಬರಹ ಅವರಿಗಾಗಿ. ಮಾತ್ರೆಗೂ ದೊಡ್ಡ ಆಪರೇಷನ್ನಿಗೂ ನಡುವೆ ಸೂಜಿ, ಬಿಸಿ, ತಂತಿ ಬಳಸಿ ಮಾಡುವ ಚಿಕಿತ್ಸೆಗಳ ದೊಡ್ಡ ಗುಂಪೇ ಇದೆ. ಆಸ್ಪತ್ರೆಗಳಲ್ಲಿ ಇವನ್ನು ಇಂಟರ್ವೆನ್ಷನಲ್ ಪ್ರೊಸೀಜರ್ ಅನ್ನುತ್ತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಹೆಚ್ಚಿನವು ಬೆನ್ನನ್ನು ರಿಪೇರಿ ಮಾಡುವುದಿಲ್ಲ. ನೋವಿನಿಂದ ಒಂದಷ್ಟು ದಿನ ಬಿಡುವು ಕೊಡುತ್ತವೆ, ಕೆಲವರಿಗೆ ಅದೂ ಇಲ್ಲ. ಹಾಗಾಗಿ ಯಾವುದು ಬೆಸ್ಟ್ ಅಂತ ಕೇಳುವುದಕ್ಕಿಂತ, ನನ್ನ ಥರದ ನೋವಿಗೆ ಯಾವುದು ಎಷ್ಟು ದಿನದ ಬಿಡುವು ಕೊಡಬಹುದು, ಆ ಬಿಡುವಿನಲ್ಲಿ ನಾನು ಏನು ಮಾಡುತ್ತೇನೆ ಅಂತ ಕೇಳಿಕೊಳ್ಳುವುದು ಮೇಲು.

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ಮೂತ್ರ ಕಟ್ಟಿಕೊಳ್ಳುವುದು ಅಥವಾ ತಾನಾಗೇ ಹೋಗುವುದು, ಮಲದ ಹಿಡಿತ ತಪ್ಪುವುದು, ತೊಡೆಸಂದಿನಲ್ಲಿ ಮತ್ತು ಕೂರುವ ಜಾಗದಲ್ಲಿ ಸ್ಪರ್ಶವೇ ಗೊತ್ತಾಗದೆ ಇರುವುದು, ಕಾಲಿನ ಬಲ ದಿನದಿಂದ ದಿನಕ್ಕೆ ಕುಗ್ಗುವುದು, ಇವುಗಳಲ್ಲಿ ಒಂದಿದ್ದರೂ ಹೋಲಿಕೆಯೆಲ್ಲ ಪಕ್ಕಕ್ಕಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಬೆನ್ನುನೋವಿನ ಜೊತೆ ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಮೊದಲು ತಪಾಸಣೆ ಆಗಬೇಕು. ಇಂಜೆಕ್ಷನ್ ಮಾತು ಆಮೇಲೆ.

ಬಳಕೆ ಏರಿದ ಕಥೆ, ಇಳಿದ ಕಥೆ

"ಈಗ ಎಲ್ಲರೂ ಇದನ್ನೇ ಮಾಡಿಸ್ತಾರೆ" ಅನ್ನುವ ಮಾತು ಕ್ಲಿನಿಕ್ಕಿನಲ್ಲಿ ಕೇಳಿಬರುತ್ತದೆ. ಆ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅಂತ ತಿಳಿಯಲು ಅಮೆರಿಕದ ಲೆಕ್ಕ ನೋಡಬಹುದು. ಅಲ್ಲಿ 65 ದಾಟಿದವರಿಗೆ ಮೆಡಿಕೇರ್ ಅನ್ನುವ ಸರ್ಕಾರಿ ವಿಮೆ ಇದೆ. ಯಾವ ಚಿಕಿತ್ಸೆಗೆ ಎಷ್ಟು ಬಿಲ್ ಆಯಿತು ಅನ್ನುವುದು ವರ್ಷವರ್ಷವೂ ಅದರಲ್ಲಿ ದಾಖಲಾಗುತ್ತದೆ. 1994ರಿಂದ 2001ರ ನಡುವೆ ಆ ವಿಮೆಯವರಲ್ಲಿ ಸೊಂಟದ ಎಪಿಡ್ಯೂರಲ್ ಇಂಜೆಕ್ಷನ್ ಶೇ. 271ರಷ್ಟು ಏರಿತು. ಫೆಸೆಟ್ ಜಾಯಿಂಟಿನ, ಅಂದರೆ ಬೆನ್ನುಮೂಳೆಯ ಹಿಂದಿನ ಸಣ್ಣ ಕೀಲಿನ, ಇಂಜೆಕ್ಷನ್ ಶೇ. 231ರಷ್ಟು ಏರಿತು. ಅಂದರೆ ಮೊದಲನೆಯದು ಹೆಚ್ಚುಕಮ್ಮಿ ಮೂರೂಮುಕ್ಕಾಲು ಪಟ್ಟಾಯಿತು. ಏಳು ವರ್ಷದಲ್ಲಿ ಅಲ್ಲಿನ ವಯಸ್ಸಾದವರ ಬೆನ್ನು ಮೂರೂಮುಕ್ಕಾಲು ಪಟ್ಟು ಕೆಟ್ಟುಹೋಯಿತಾ? ಇಲ್ಲ ತಾನೆ. ಇನ್ನೂ ಮುಖ್ಯ ಏನೆಂದರೆ, 2001ರಲ್ಲಿ ಕೊಟ್ಟ ಎಪಿಡ್ಯೂರಲ್‌ಗಳಲ್ಲಿ ಸಯಾಟಿಕಾ (ಸೊಂಟದ ನರದಿಂದ ಕಾಲಿಗೆ ಇಳಿಯುವ ನೋವು), ನರದ ಒತ್ತಡ, ಡಿಸ್ಕ್ ಜಾರುವುದು ಇಂಥ ಕಾರಣಕ್ಕೆ ಕೊಟ್ಟದ್ದು ಸುಮಾರು ಶೇ. 40 ಮಾತ್ರ. ಈ ಇಂಜೆಕ್ಷನ್ನಿಗೆ ಸ್ವಲ್ಪ ಗಟ್ಟಿ ಆಧಾರ ಇರುವುದು ಆ ಕಾರಣಗಳಿಗೇ.

2000ದ ದಶಕದಲ್ಲೂ ಏರಿಕೆ ನಿಲ್ಲಲಿಲ್ಲ. 2010ರ ನಂತರ ಗಾಳಿ ತಿರುಗಿತು. 2012ರಲ್ಲಿ ಅಮೆರಿಕದ ಒಂದು ಔಷಧ ತಯಾರಿಕಾ ಘಟಕದಿಂದ ಬಂದ, ಬೆನ್ನಿನ ಇಂಜೆಕ್ಷನ್ನಿಗೆ ಬಳಸುವ ಸ್ಟೀರಾಯ್ಡ್ ಬಾಟಲಿಗಳಲ್ಲಿ ಶಿಲೀಂಧ್ರ ಸೇರಿಕೊಂಡಿತ್ತು. 20 ರಾಜ್ಯಗಳಲ್ಲಿ 750ಕ್ಕೂ ಜಾಸ್ತಿ ಜನರಿಗೆ ಸೋಂಕಾಯಿತು, 60ಕ್ಕೂ ಜಾಸ್ತಿ ಜನ ಸತ್ತರು. 2014ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎಪಿಡ್ಯೂರಲ್ ಸ್ಟೀರಾಯ್ಡ್‌ನಿಂದ ಅಪರೂಪಕ್ಕೆ ದೃಷ್ಟಿ ಹೋಗುವುದು, ಪಾರ್ಶ್ವವಾಯು, ಸಾವು ಕೂಡ ಆಗಬಹುದು ಅಂತ ಎಚ್ಚರಿಕೆ ಹೊರಡಿಸಿತು. ವಿಮೆಯ ನಿಯಮಗಳೂ ಬಿಗಿಯಾದವು. ಎಪಿಡ್ಯೂರಲ್ ಬಳಕೆ ಇಳಿಯುತ್ತಾ ಬಂತು. ಆದರೆ ಅದೇ ವರ್ಷಗಳಲ್ಲಿ ಫೆಸೆಟ್ ನರವನ್ನು ಸುಡುವ ಚಿಕಿತ್ಸೆ ಏರುತ್ತಲೇ ಇತ್ತು. 2020ರಲ್ಲಿ ಕೋವಿಡ್ ಬಂದು ಎಲ್ಲವೂ ಒಮ್ಮೆಗೇ ಕುಸಿಯಿತು, ಅದು ಬೇರೆ ಮಾತು.

ಆಮೇಲೆ ಬಂದದ್ದು 2025ರ ಫೆಬ್ರವರಿಯ ಜಗಳ. ಕ್ಯಾನ್ಸರ್ ಇಲ್ಲದ ಹಳೇ ಬೆನ್ನುನೋವಿಗೆ ಮಾಡುವ 13 ಬಗೆಯ ಪ್ರೊಸೀಜರ್‌ಗಳನ್ನು ಮಾಡಲೇಬೇಡಿ ಅಂತ ಬಿಎಂಜೆ ಅನ್ನುವ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಮಾರ್ಗಸೂಚಿ ಬಂತು. ಎಪಿಡ್ಯೂರಲ್, ಫೆಸೆಟ್ ಇಂಜೆಕ್ಷನ್, ನರ ಸುಡುವುದು ಎಲ್ಲವೂ ಆ ಪಟ್ಟಿಯಲ್ಲಿ ಇದ್ದವು. 81 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇವು ಸುಳ್ಳು ಚಿಕಿತ್ಸೆಗಿಂತ ಹೆಚ್ಚೇನೂ ಮಾಡುವುದಿಲ್ಲ ಅನ್ನುವುದು ಅವರ ವಾದ. ಸುಳ್ಳು ಚಿಕಿತ್ಸೆ ಅಂದರೆ ಸೂಜಿ ಚುಚ್ಚಿದ ಹಾಗೆ ಮಾಡುವುದು, ಒಳಗೆ ಕೆಲಸದ ಔಷಧಿ ಅಥವಾ ಬಿಸಿ ಇರುವುದಿಲ್ಲ. ನೋವಿನ ತಜ್ಞರ ಸಂಘಗಳು ಸಿಟ್ಟಾದವು. ಬೇರೆ ಬೇರೆ ಕಾಯಿಲೆ, ಬೇರೆ ಬೇರೆ ತಂತ್ರ, ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದಿದ್ದೀರಿ ಅಂತ ತಿರುಗಿಬಿದ್ದವು. ಅದೇ ವರ್ಷ ಅಮೆರಿಕದ ನರವೈದ್ಯರ ಅಕಾಡೆಮಿ ನಡೆಸಿದ ಪರಿಶೀಲನೆ ಸ್ವಲ್ಪ ಬೇರೆ ಮಾತು ಹೇಳಿತು. ಒತ್ತಿಕೊಂಡ ನರದಿಂದ ಬರುವ ನೋವಿಗೆ ಎಪಿಡ್ಯೂರಲ್ ಮೂರು ತಿಂಗಳವರೆಗೆ ಸ್ವಲ್ಪ ಮಟ್ಟಿಗೆ ನೆರವಾಗಬಹುದು ಅಂತ.

ನನಗನಿಸುವುದು ಇಷ್ಟು. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಸುಮ್ನೆ "ಬೆನ್ನುನೋವು" ಅಂತ ಬರುವ ಎಲ್ಲರಿಗೂ ಕೊಟ್ಟರೆ ಇವು ಸೋಲುತ್ತವೆ. ಸರಿಯಾಗಿ ಆರಿಸಿದ ಕೆಲವರಿಗೆ ಕೆಲಸ ಮಾಡುತ್ತವೆ, ಅದೂ ಮಿತವಾಗಿ. ಆ ಕೆಲವರಲ್ಲಿ ನೀವು ಇದ್ದೀರಾ ಅನ್ನುವುದೇ ಪ್ರಶ್ನೆ.

ಯಾವುದನ್ನು ಇಟ್ಟು ಅಳೆಯಬೇಕು

ನೋವು ಎಲ್ಲಿದೆ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಸೊಂಟದಲ್ಲೇ ಕೂತಿರುವ ನೋವು ಬೇರೆ. ಕುಂಡೆಯಿಂದ ತೊಡೆಗೆ, ಮೀನಖಂಡಕ್ಕೆ, ಪಾದಕ್ಕೆ ಕರೆಂಟ್ ಹೊಡೆದ ಹಾಗೆ ಇಳಿಯುವ ನೋವು ಬೇರೆ. ನಡೆದರೆ ಎರಡೂ ಕಾಲು ಭಾರವಾಗಿ, ಕೂತು ಮುಂದೆ ಬಾಗಿದರೆ ಹಗುರಾಗುವ ನೋವು ಇನ್ನೂ ಬೇರೆ. ಈ ಮೂರಕ್ಕೂ ಒಂದೇ ಚಿಕಿತ್ಸೆ ಹೇಳುವವರು ಸಿಕ್ಕರೆ ಇನ್ನೊಬ್ಬರನ್ನು ಕೇಳಿ.

ಇಲ್ಲಿ ಎಂಆರ್‌ಐ ಬಗ್ಗೆ ಒಂದು ಮಾತು. ರಿಪೋರ್ಟಿನಲ್ಲಿ ಡಿಸ್ಕ್ ಸವೆದಿದೆ, ಉಬ್ಬಿದೆ ಅಂತ ಬರೆದಿದ್ದರೆ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಪರಿಶೀಲನೆ 2015ರಲ್ಲಿ ಪ್ರಕಟವಾಯಿತು. 20ರ ವಯಸ್ಸಿನವರಲ್ಲೇ ಶೇ. 37 ಜನರಿಗೆ ಡಿಸ್ಕ್ ಸವೆತ ಕಂಡಿತ್ತು, 80ರ ವಯಸ್ಸಿಗೆ ಅದು ಶೇ. 96. ಡಿಸ್ಕ್ ಉಬ್ಬಿರುವುದು 20ರಲ್ಲಿ ಶೇ. 30, 80ರಲ್ಲಿ ಶೇ. 84. ಇವರಿಗೆಲ್ಲ ಒಂಚೂರೂ ನೋವಿರಲಿಲ್ಲ. ಹಾಗಾಗಿ ಸ್ಕ್ಯಾನ್ ಒಂದನ್ನೇ ನೋಡಿ ಎಲ್ಲಿಗೆ ಸೂಜಿ ಹಾಕಬೇಕು ಅಂತ ತೀರ್ಮಾನಿಸುವಂತಿಲ್ಲ. ಸ್ಕ್ಯಾನಿನಲ್ಲಿ ಕಂಡದ್ದೂ ನಿಮ್ಮ ಕಾಲಿನಲ್ಲಿ ನೋವಿರುವ ಜಾಗವೂ ತಾಳೆಯಾಗಬೇಕು.

ಇನ್ನೊಂದು, ದೊಡ್ಡದನ್ನು ಮಾಡುವ ಮೊದಲು ಸಣ್ಣದಾಗಿ ಪರೀಕ್ಷೆ ಮಾಡಿ ನೋಡಲು ಆಗುತ್ತದಾ ಅನ್ನುವುದು. ಕೆಲವು ಚಿಕಿತ್ಸೆಗಳಲ್ಲಿ ಇದಕ್ಕೆ ದಾರಿ ಇದೆ, ಕೆಲವದರಲ್ಲಿ ಇಲ್ಲ. ಪರೀಕ್ಷೆಗೆ ಅವಕಾಶ ಇರುವ ಚಿಕಿತ್ಸೆಗೆ ನಾನು ಯಾವತ್ತೂ ಒಂದು ಅಂಕ ಜಾಸ್ತಿ ಕೊಡುತ್ತೇನೆ.

ಬಿಡುವು ಎಷ್ಟು ದಿನ, ಕೆಟ್ಟರೆ ಏನಾಗುತ್ತದೆ, ಆದದ್ದನ್ನು ವಾಪಸ್ ತಿರುಗಿಸಬಹುದಾ ಅನ್ನುವುದೂ ಬೇಕು. ಕೊನೆಗೆ ದುಡ್ಡು. ಒಂದು ಸಲದ ಬಿಲ್ ನೋಡಿ ಮೋಸ ಹೋಗಬೇಡಿ. ಅಗ್ಗದ ಇಂಜೆಕ್ಷನ್ ವರ್ಷಕ್ಕೆ ಮೂರು ನಾಲ್ಕು ಸಲ ಬೇಕಾದರೆ ಅದು ಅಗ್ಗ ಅಲ್ಲ. ಅದರ ಮೇಲೆ ರಜೆ, ಓಡಾಟ, ಜೊತೆಗೆ ಬರುವವರ ದಿನ, ಎಲ್ಲ ಲೆಕ್ಕಕ್ಕೆ ಬರಬೇಕು.

ಎಪಿಡ್ಯೂರಲ್ ಸ್ಟೀರಾಯ್ಡ್

ಬೆನ್ನುಹುರಿಯ ಹೊದಿಕೆಯ ಹೊರಗಿನ ಜಾಗಕ್ಕೆ ಸ್ಟೀರಾಯ್ಡ್ ಬಿಡುತ್ತಾರೆ, ಸಾಮಾನ್ಯವಾಗಿ ಮರಗಟ್ಟಿಸುವ ಔಷಧಿಯನ್ನೂ ಸೇರಿಸುತ್ತಾರೆ. ಊದಿಕೊಂಡ ನರದ ಬೇರಿನ ಸುತ್ತ ಉರಿಯೂತ ಇಳಿಸುವುದು ಉದ್ದೇಶ. ಸೂಜಿ ಹೋಗುವ ದಾರಿ ಮೂರು. ಹಿಂದಿನಿಂದ ಎರಡು ಮೂಳೆಗಳ ನಡುವೆ, ಪಕ್ಕದಿಂದ ನರ ಹೊರಬರುವ ಕಿಂಡಿಯ ಮೂಲಕ, ಅಥವಾ ಕೆಳಗೆ ಬಾಲದ ಮೂಳೆಯ ಹತ್ತಿರದಿಂದ.

ಕಾಲಿಗೆ ಇಳಿಯುವ ನೋವು ಜೋರಾಗಿದ್ದರೆ, ಅದು ಶುರುವಾಗಿ ತುಂಬಾ ಕಾಲ ಆಗಿಲ್ಲದಿದ್ದರೆ ಇದಕ್ಕೆ ಅರ್ಥ ಇದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ತರುವ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಹೊಸದಾಗಿ ಬಂದ ತೀವ್ರ ಸಯಾಟಿಕಾಕ್ಕೆ ಎಪಿಡ್ಯೂರಲ್ ಯೋಚಿಸಬಹುದು, ಬರೀ ಸೊಂಟನೋವಿಗೆ ಬೆನ್ನಿನ ಇಂಜೆಕ್ಷನ್ ಬೇಡ. ಡಿಸ್ಕ್ ಜಾರಿದ ಸಯಾಟಿಕಾ ಹೆಚ್ಚಿನವರಲ್ಲಿ ಕೆಲವು ವಾರ, ಕೆಲವು ತಿಂಗಳಲ್ಲಿ ತಾನಾಗೇ ತಗ್ಗುತ್ತದೆ. ಆ ವಾರಗಳನ್ನು ದಾಟಿಸಲು ಒಂದು ಇಂಜೆಕ್ಷನ್ ನೆರವಾದರೆ, ರಾತ್ರಿ ನಿದ್ದೆ ಬಂದರೆ, ಕೆಲಸಕ್ಕೆ ಹೋಗಲು ಆದರೆ ಅಷ್ಟಕ್ಕೆ ಅದರ ಕೆಲಸ ಮುಗಿಯಿತು.

ನರದ ಕಾಲುವೆ ಕಿರಿದಾಗಿರುವ ವಯಸ್ಸಾದವರಿಗೆ? ಇಲ್ಲಿ ನನಗೆ ಉತ್ಸಾಹ ಕಮ್ಮಿ. 2014ರಲ್ಲಿ ಅಮೆರಿಕದಲ್ಲಿ ಇಂಥ 400 ಜನರ ಮೇಲೆ ಒಂದು ಪ್ರಯೋಗದ ಫಲಿತಾಂಶ ಬಂತು. ಅರ್ಧ ಜನರಿಗೆ ಸ್ಟೀರಾಯ್ಡ್ ಜೊತೆ ಮರಗಟ್ಟಿಸುವ ಔಷಧಿ, ಇನ್ನರ್ಧ ಜನರಿಗೆ ಬರೀ ಮರಗಟ್ಟಿಸುವ ಔಷಧಿ. ಆರು ವಾರಕ್ಕೆ ಎರಡು ಗುಂಪಿಗೂ ಲೆಕ್ಕಕ್ಕೆ ಬರುವ ವ್ಯತ್ಯಾಸ ಇರಲಿಲ್ಲ. ನೈಸ್ ಕೂಡ ನಡೆದರೆ ಕಾಲು ಹಿಡಿಯುವ ಆ ತೊಂದರೆಗೆ ಎಪಿಡ್ಯೂರಲ್ ಬೇಡ ಅನ್ನುತ್ತದೆ.

ತೊಂದರೆಗಳು ಏನು? ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ಹೇಳಿ ಔಷಧಿ ಹೊಂದಿಸಿಕೊಳ್ಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಅದನ್ನು ಮುಚ್ಚಿಡಲೇಬಾರದು, ಸ್ವಂತಕ್ಕೆ ನಿಲ್ಲಿಸಲೂಬಾರದು. ಹೊದಿಕೆ ತೂತಾದರೆ ಕೆಲವು ದಿನ ಎದ್ದು ಕೂರಲಾಗದ ತಲೆನೋವು ಬರಬಹುದು. ಅಪರೂಪದ ದೊಡ್ಡ ಅಪಾಯ ಹೆಚ್ಚಾಗಿ ಕುತ್ತಿಗೆಯ ಭಾಗದಲ್ಲಿ. ಪಕ್ಕದ ಕಿಂಡಿಯಿಂದ ಸೂಜಿ ಹಾಕುವಾಗ ಕಣಕಣ ಇರುವ ಸ್ಟೀರಾಯ್ಡ್ ರಕ್ತನಾಳಕ್ಕೆ ಹೋದರೆ ಬೆನ್ನುಹುರಿಗೆ ರಕ್ತ ನಿಲ್ಲಬಹುದು. ಅದಕ್ಕೇ ಅಲ್ಲಿ ಕಣಗಳಿಲ್ಲದ ಡೆಕ್ಸಾಮೆಥಸೋನ್ ಬಳಸುವುದು ರೂಢಿ. ಯಾವ ಸ್ಟೀರಾಯ್ಡ್, ಎಕ್ಸ್‌ರೇ ನೋಡುತ್ತಾ ಸೂಜಿ ಹಾಕುತ್ತೀರಾ ಅಂತ ಧೈರ್ಯವಾಗಿ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಅದೂ ಒಂದು ಉತ್ತರವೇ.

ಖರ್ಚಿನಲ್ಲಿ ಈ ಪಟ್ಟಿಯ ಕೆಳಗಿನ ಮೆಟ್ಟಿಲು ಇದು. ಆದರೆ "ಮೂರರ ಕೋರ್ಸ್" ಅಂತ ಮೊದಲೇ ಮೂರು ಇಂಜೆಕ್ಷನ್ನಿಗೆ ದುಡ್ಡು ಕಟ್ಟಿಸಿಕೊಳ್ಳುವ ಪದ್ಧತಿ ನನಗೆ ಒಪ್ಪಿಗೆ ಇಲ್ಲ. ಮೊದಲನೆಯದು ಏನು ಮಾಡಿತು ಅಂತ ನೋಡದೆ ಎರಡನೆಯದು ಯಾಕೆ?

ಫೆಸೆಟ್ ಇಂಜೆಕ್ಷನ್, ಮತ್ತು ನರ ಸುಡುವುದು

ಬೆನ್ನುಮೂಳೆಯ ಹಿಂಬದಿಯಲ್ಲಿ ಪ್ರತಿ ಮಟ್ಟದಲ್ಲೂ ಎಡಕ್ಕೊಂದು ಬಲಕ್ಕೊಂದು ಸಣ್ಣ ಕೀಲು ಇರುತ್ತದೆ. ಅದೇ ಫೆಸೆಟ್ ಜಾಯಿಂಟ್. ಕೆಲವರ ಸೊಂಟನೋವು, ಕುತ್ತಿಗೆ ನೋವು ಇಲ್ಲಿಂದ ಬರುತ್ತದೆ. ಈ ಕೀಲಿನೊಳಗೆ ಸ್ಟೀರಾಯ್ಡ್ ಹಾಕುವುದು ಒಂದು ಆಯ್ಕೆ. ನೇರವಾಗಿ ಹೇಳುತ್ತೇನೆ, ಚಿಕಿತ್ಸೆ ಅಂತ ಇದಕ್ಕೆ ದುಡ್ಡು ಹಾಕುವುದರಲ್ಲಿ ನನಗೆ ಲಾಭ ಕಾಣುವುದಿಲ್ಲ. ಆಧಾರ ತೆಳು, ಬಿಡುವು ಚಿಕ್ಕದು.

ಅದಕ್ಕಿಂತ ಬುದ್ಧಿವಂತ ದಾರಿ ಇನ್ನೊಂದಿದೆ. ಪ್ರತಿ ಕೀಲಿನ ನೋವನ್ನು ಮೆದುಳಿಗೆ ಒಯ್ಯುವುದು ಎರಡು ಪುಟ್ಟ ನರಗಳು, ಮೀಡಿಯಲ್ ಬ್ರಾಂಚ್ ಅಂತ ಹೆಸರು. ಮೊದಲು ಈ ನರಗಳ ಹತ್ತಿರ ಒಂದು ತೊಟ್ಟು ಮರಗಟ್ಟಿಸುವ ಔಷಧಿ ಹಾಕಿ ನೋಡುತ್ತಾರೆ. ಔಷಧಿ ಕೆಲಸ ಮಾಡುವ ಕೆಲವು ಗಂಟೆ ನೋವು ಬಹುಪಾಲು ಮಾಯವಾದರೆ ಮೂಲ ಸಿಕ್ಕಿತು ಅಂತ ಅರ್ಥ. ಆಮೇಲೆ ಅದೇ ನರಗಳನ್ನು ರೇಡಿಯೋಫ್ರೀಕ್ವೆನ್ಸಿ ಸೂಜಿಯಿಂದ, ಅಂದರೆ ಆರ್‌ಎಫ್‌ನಿಂದ, ಸುಮಾರು 80ರಿಂದ 90 ಡಿಗ್ರಿ ಬಿಸಿಯಲ್ಲಿ ಒಂದು ಒಂದೂವರೆ ನಿಮಿಷ ಸುಡುತ್ತಾರೆ. ನೋವಿನ ಗಂಟೆಯ ತಂತಿ ಕತ್ತರಿಸಿದ ಹಾಗೆ. ಕೀಲು ಹಾಗೇ ಸವೆದಿರುತ್ತದೆ, ಗಂಟೆ ಬಾರಿಸುವುದಿಲ್ಲ ಅಷ್ಟೇ. ಆರು ತಿಂಗಳಿಂದ ಒಂದು ವರ್ಷದಲ್ಲಿ ನರ ಮತ್ತೆ ಬೆಳೆಯುತ್ತದೆ, ನೋವು ವಾಪಸ್ ಬರಬಹುದು, ಮತ್ತೆ ಸುಡಿಸಬಹುದು.

ಪೂರ್ತಿ ಆಟ ಇರುವುದು ಆ ಮೊದಲಿನ ಪರೀಕ್ಷೆಯಲ್ಲಿ. ಒಂದು ಸಲ ಮಾಡಿ "ಸ್ವಲ್ಪ ವಾಸಿ ಅನಿಸ್ತು" ಅಂದರೆ ಸಾಲದು, ಯಾಕೆಂದರೆ ಸೂಜಿ ಚುಚ್ಚಿದರು ಅನ್ನುವುದಕ್ಕೇ ಹಲವರಿಗೆ ಸ್ವಲ್ಪ ವಾಸಿ ಅನಿಸುತ್ತದೆ. ಅಮೆರಿಕದ ಮೆಡಿಕೇರ್ 2021ರಿಂದ ಎರಡು ಬೇರೆ ಬೇರೆ ದಿನ ಪರೀಕ್ಷೆ ಮಾಡಿ, ಎರಡರಲ್ಲೂ ಶೇ. 80 ನೋವು ಇಳಿದರೆ ಮಾತ್ರ ಸುಡುವುದಕ್ಕೆ ದುಡ್ಡು ಕೊಡುತ್ತದೆ. ಈ ಜರಡಿ ಬಿಗಿಯಾಗಿಲ್ಲದಿದ್ದರೆ ಏನಾಗುತ್ತದೆ ಅನ್ನುವುದರ ಬಗ್ಗೆ ದೊಡ್ಡ ಚರ್ಚೆಯೇ ನಡೆದಿದೆ. 2017ರಲ್ಲಿ ನೆದರ್ಲೆಂಡ್ಸ್‌ನಲ್ಲಿ 681 ಜನರ ಮೇಲೆ ಮಾಡಿದ ಮೂರು ಪ್ರಯೋಗಗಳ ಫಲಿತಾಂಶ ಬಂತು. ವ್ಯಾಯಾಮದ ಜೊತೆ ಆರ್‌ಎಫ್ ಮಾಡಿದವರಿಗೂ ಬರೀ ವ್ಯಾಯಾಮ ಮಾಡಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಟೀಕಾಕಾರರು ಹಿಡಿದದ್ದು ಜರಡಿಯನ್ನೇ. ಒಂದೇ ಪರೀಕ್ಷೆ, ಶೇ. 50 ಇಳಿದರೆ ಸಾಕು ಅಂದಿದ್ದೀರಿ, ಹಾಗಾಗಿ ಫೆಸೆಟ್ ನೋವೇ ಇಲ್ಲದವರೂ ಒಳಗೆ ಬಂದರು ಅಂದರು. ನನಗೆ ಈ ಟೀಕೆ ಒಪ್ಪಿಗೆ, ಆದರೆ ಅದರಿಂದ ಬರುವ ತೀರ್ಮಾನ ಕ್ಲಿನಿಕ್ಕುಗಳಿಗೆ ಅಷ್ಟು ರುಚಿಸಲಾರದು. ಬಿಗಿ ಜರಡಿ ಹಿಡಿದರೆ ಆರ್‌ಎಫ್‌ಗೆ ಅರ್ಹರಾಗುವವರು ತುಂಬಾ ಕಮ್ಮಿ.

ಸುಟ್ಟ ಮೇಲೆ ಒಂದೆರಡು ವಾರ ಆ ಜಾಗದಲ್ಲಿ ನೋವು, ಚರ್ಮದಲ್ಲಿ ಉರಿ ಇರಬಹುದು. ಅದನ್ನು ನೋಡಿ ಕೆಲಸ ಮಾಡಲಿಲ್ಲ ಅಂದುಕೊಳ್ಳಬೇಡಿ. ಪೇಸ್‌ಮೇಕರ್ ಇದ್ದವರು ಮೊದಲೇ ಹೇಳಬೇಕು. ಇನ್ನೊಂದು ವಿಷಯ, ಇದೇ ನರ ಬೆನ್ನಿನ ಆಳದ ಒಂದು ಸ್ನಾಯುವಿಗೂ ಹೋಗುತ್ತದೆ. ಹಾಗಾಗಿ ಸುಡಿಸಿದ ಮೇಲೆ ಬೆನ್ನಿಗೆ ಬಲ ಕೊಡುವ ವ್ಯಾಯಾಮ ಬಿಡುವಂತಿಲ್ಲ.

ಖರ್ಚು ಎಪಿಡ್ಯೂರಲ್‌ಗಿಂತ ಜಾಸ್ತಿ, ಮುಂದೆ ಹೇಳುವ ಯಂತ್ರಕ್ಕಿಂತ ಎಷ್ಟೋ ಕಮ್ಮಿ. ಪರೀಕ್ಷೆಯ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ. ದುಡ್ಡು ಕಮ್ಮಿ ಇದ್ದವರಿಗೆ ನಾನು ಹೇಳುವುದು ವಿಚಿತ್ರ ಅನಿಸಬಹುದು, ಆದರೂ ಹೇಳುತ್ತೇನೆ. ಉಳಿಸಬೇಕಿದ್ದರೆ ಬೇರೆ ಎಲ್ಲಾದರೂ ಉಳಿಸಿ, ಎರಡನೇ ಪರೀಕ್ಷೆಯಲ್ಲಿ ಉಳಿಸಬೇಡಿ. ಅದು ತಪ್ಪು ನರ ಸುಡಿಸುವ ದೊಡ್ಡ ಖರ್ಚನ್ನು ತಪ್ಪಿಸುತ್ತದೆ.

ಸೊಂಟದ ಕೆಳಗೆ ಒಂದು ಪಕ್ಕಕ್ಕೆ, ಕುಂಡೆಯ ಮೇಲ್ಭಾಗದಲ್ಲಿ ಬೆರಳಿಟ್ಟು ತೋರಿಸುವಂಥ ನೋವಿದ್ದರೆ ಸ್ಯಾಕ್ರೋಇಲಿಯಾಕ್ ಕೀಲಿನ, ಅಂದರೆ ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲಿನ, ಮಾತು ಬರುತ್ತದೆ. ಅಲ್ಲಿಯೂ ಇದೇ ಕ್ರಮ, ಮೊದಲು ಮರಗಟ್ಟಿಸಿ ನೋಡುವುದು. ಫಲ ಇನ್ನೂ ಅನಿಶ್ಚಿತ.

ಬೆನ್ನುಹುರಿಗೆ ಕರೆಂಟ್ ಕೊಡುವ ಯಂತ್ರ

ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಅನ್ನುವುದು ಈ ಪಟ್ಟಿಯ ದುಬಾರಿ ತುದಿ. ನೋವಿನ ಸಂಕೇತಕ್ಕೆ ಬೆನ್ನುಹುರಿಯಲ್ಲಿ ಒಂದು ಬಾಗಿಲು ಇದೆ, ಬೇರೆ ಸಂಕೇತದಿಂದ ಅದನ್ನು ಮುಚ್ಚಬಹುದು ಅಂತ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನುವ ವಿಜ್ಞಾನಿಗಳು ಹೇಳಿದರು. ಎರಡೇ ವರ್ಷಕ್ಕೆ, 1967ರಲ್ಲಿ, ನಾರ್ಮನ್ ಶೀಲಿ ಅನ್ನುವ ಸರ್ಜನ್ ಒಬ್ಬ ರೋಗಿಗೆ ಮೊದಲ ಯಂತ್ರ ಅಳವಡಿಸಿದರು. ಈಗ ಬೆನ್ನುಹುರಿಯ ಹಿಂದೆ ಸಣ್ಣ ತಂತಿ ಇಟ್ಟು, ಚರ್ಮದ ಕೆಳಗೆ ಬ್ಯಾಟರಿ ಹೂಳುತ್ತಾರೆ.

ಬೆನ್ನಿನ ಆಪರೇಷನ್ ಆದ ಮೇಲೂ ಕಾಲುನೋವು ಬಿಡದವರು ಇದನ್ನು ಹೆಚ್ಚಾಗಿ ಮಾಡಿಸಿಕೊಳ್ಳುತ್ತಾರೆ. ಇದರ ದೊಡ್ಡ ಗುಣ ಟ್ರಯಲ್. ಮೊದಲು ತಂತಿ ಮಾತ್ರ ಒಳಗೆ, ಬ್ಯಾಟರಿ ಹೊರಗೆ ಇಟ್ಟು ಕೆಲವು ದಿನ ನೋಡುತ್ತಾರೆ. ನೋವು ಅರ್ಧಕ್ಕರ್ಧ ಇಳಿದರೆ ಮಾತ್ರ ಮುಂದಿನ ಹೆಜ್ಜೆ. ಬೇಡವಾದರೆ ತೆಗೆಸಬಹುದು. ಇಷ್ಟು ಕೇಳಿದರೆ ಚೆನ್ನಾಗಿದೆ ಅನಿಸುತ್ತದೆ.

ಆದರೆ ಟ್ರಯಲ್‌ನ ಆ ಕೆಲವು ದಿನ ಆಸೆಯ ದಿನಗಳು. ಎಲ್ಲರೂ ಬಂದು ಹೇಗಿದೆ ಅಂತ ಕೇಳುತ್ತಾರೆ, ದೊಡ್ಡ ಯಂತ್ರ, ದೊಡ್ಡ ನಿರೀಕ್ಷೆ. 2022ರಲ್ಲಿ ನಾರ್ವೆಯಲ್ಲಿ, ಸೊಂಟದ ಆಪರೇಷನ್ ಆದಮೇಲೂ ಕಾಲುನೋವಿದ್ದ 50 ಜನರಿಗೆ ಯಂತ್ರ ಕೂರಿಸಿ, ಕೆಲವು ತಿಂಗಳು ಆನ್, ಕೆಲವು ತಿಂಗಳು ಆಫ್ ಮಾಡಿ ನೋಡಿದರು, ರೋಗಿಗೆ ಯಾವಾಗ ಆನ್ ಅಂತ ಗೊತ್ತಿರಲಿಲ್ಲ. ಬರ್ಸ್ಟ್ ಅನ್ನುವ ವಿಧಾನದ ಕರೆಂಟ್ ಅದು. ದಿನನಿತ್ಯದ ಕೆಲಸ ಮಾಡುವ ಶಕ್ತಿಯಲ್ಲಿ ಆನ್‌ಗೂ ಆಫ್‌ಗೂ ವ್ಯತ್ಯಾಸ ಸಿಗಲಿಲ್ಲ. ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗುವ ಕೊಕ್ರೇನ್ ಸಂಸ್ಥೆಯ 2023ರ ಪರಿಶೀಲನೆಯೂ ಸೊಂಟನೋವಿಗೆ ಇದರ ದೀರ್ಘಕಾಲದ ಲಾಭದ ಬಗ್ಗೆ ತಣ್ಣೀರು ಎರಚಿತು. ಇನ್ನೊಂದು ಕಡೆ, ಸೆಕೆಂಡಿಗೆ 10,000 ಸಲ ಮಿಡಿಯುವ ಕರೆಂಟ್ ಹಳೆಯದಕ್ಕಿಂತ ವಾಸಿ ಅಂತ 2015ರ ಪ್ರಯೋಗ ಒಂದು ತೋರಿಸಿತ್ತು. ಅದರಲ್ಲಿ ಹೋಲಿಸಿದ್ದು ಒಂದು ಯಂತ್ರವನ್ನು ಇನ್ನೊಂದು ಯಂತ್ರದ ಜೊತೆ, ಆಫ್ ಮಾಡಿದ ಯಂತ್ರದ ಜೊತೆ ಅಲ್ಲ ಅನ್ನುವುದನ್ನು ಗಮನಿಸಿ.

ತಂತಿ ಜರುಗಬಹುದು, ಸೋಂಕಾಗಬಹುದು, ಬ್ಯಾಟರಿ ಬದಲಿಸಲು ಮತ್ತೆ ಆಪರೇಷನ್ ಬೇಕು. ಚಾರ್ಜ್ ಮಾಡುವ ಬ್ಯಾಟರಿ ಜಾಸ್ತಿ ವರ್ಷ ಬರುತ್ತದೆ, ಆದರೆ ಅದನ್ನು ನೆನಪಿಟ್ಟು ಚಾರ್ಜ್ ಮಾಡುವ ಕೆಲಸ ನಿಮ್ಮದು. ಮುಂದೆ ಎಂಆರ್‌ಐ ಬೇಕಾದರೆ ಆ ಮಾದರಿಗೆ ಆಗುತ್ತದಾ ಅಂತ ಮೊದಲೇ ಬರಹದಲ್ಲಿ ಪಡೆಯಿರಿ. ಯಂತ್ರಕ್ಕಾಗಿ ಸಾಲ ಮಾಡಬೇಕಾದ ಪರಿಸ್ಥಿತಿ ಇದ್ದರೆ ನನ್ನ ಸಲಹೆ ಬೇಡ ಅನ್ನುವುದೇ.

ಮೂಳೆಗೆ ಸಿಮೆಂಟು, ಮತ್ತೊಂದು ಹೊಸ ಆಯ್ಕೆ

ಮೂಳೆ ಟೊಳ್ಳಾಗಿ ಬೆನ್ನುಮೂಳೆ ಕುಸಿದಾಗ ಅದರೊಳಗೆ ಸಿಮೆಂಟು ತುಂಬುವುದು ವರ್ಟಿಬ್ರೋಪ್ಲಾಸ್ಟಿ. ಬಲೂನು ಉಬ್ಬಿಸಿ ಜಾಗ ಮಾಡಿ ತುಂಬಿದರೆ ಕೈಫೋಪ್ಲಾಸ್ಟಿ. 2009ರವರೆಗೆ ಇದು ಪವಾಡದ ಹಾಗೆ ನಡೆಯುತ್ತಿತ್ತು. ಆ ವರ್ಷ ಸುಳ್ಳು ಚಿಕಿತ್ಸೆಯ ಜೊತೆ ಹೋಲಿಸಿದ ಎರಡು ಪ್ರಯೋಗ ಒಟ್ಟಿಗೇ ಪ್ರಕಟವಾದವು. ಎರಡರಲ್ಲೂ ಲಾಭ ಕಾಣಲಿಲ್ಲ, ವರ್ಟಿಬ್ರೋಪ್ಲಾಸ್ಟಿ ಬಳಕೆ ಕುಸಿಯಿತು. 2016ರಲ್ಲಿ ಆಸ್ಟ್ರೇಲಿಯಾದ ಒಂದು ಪ್ರಯೋಗ, ಮುರಿದು ಆರು ವಾರ ದಾಟದ, ತೀವ್ರ ನೋವಿರುವವರಿಗೆ ಉಪಯೋಗ ಇದೆ ಅಂದಿತು. ಹಾಗಾಗಿ ಹೊಸ ಮುರಿತ, ಹಾಸಿಗೆಯಿಂದ ಏಳಲಾಗದ ನೋವು ಇದ್ದರೆ ಕೇಳಿ ನೋಡಬಹುದು. ತಿಂಗಳುಗಟ್ಟಲೆ ಹಳೆಯ ಮುರಿತಕ್ಕೆ ಬೇಡ. ಸಿಮೆಂಟು ತುಂಬಿದರೂ ಇಲ್ಲದಿದ್ದರೂ ಮೂಳೆ ಗಟ್ಟಿಯಾಗುವ ಔಷಧಿ ಶುರುವಾಗಬೇಕು. ಅದನ್ನು ಮರೆತೇ ಬಿಡುವವರು ಜಾಸ್ತಿ.

ಬೇಸಿವರ್ಟಿಬ್ರಲ್ ನರ ಸುಡುವುದು ಹೊಸತು, ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಪಡೆಯಿತು. ಮೂಳೆಯ ಒಳಗೇ ಇರುವ ನರಕ್ಕೆ ಬಿಸಿ ಕೊಡುತ್ತಾರೆ. ಎಂಆರ್‌ಐನಲ್ಲಿ ಡಿಸ್ಕಿನ ಪಕ್ಕದ ಮೂಳೆಯಲ್ಲಿ ಮೋಡಿಕ್ 1 ಅಥವಾ 2 ಅನ್ನುವ ಬದಲಾವಣೆ ಇದ್ದವರಿಗೆ, ಸೊಂಟದ ಕೆಳಭಾಗದ ಮೂಳೆಗಳಿಗೆ ಮಾತ್ರ ಇದು. ರಿಪೋರ್ಟಿನಲ್ಲಿ ಆ ಪದ ಇಲ್ಲದಿದ್ದರೆ ಈ ಆಯ್ಕೆ ಮರೆತುಬಿಡಿ.

ಏನೂ ಮಾಡಿಸದಿದ್ದರೆ?

ಅದೂ ಒಂದು ಆಯ್ಕೆ, ಮತ್ತು ಬರೀ ಸೊಂಟದಲ್ಲಿ ನೋವಿದ್ದು ಕಾಲಿಗೆ ಇಳಿಯದವರಿಗೆ ಹೆಚ್ಚಾಗಿ ಅದೇ ಮೊದಲ ಆಯ್ಕೆ. 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೇ ಸೊಂಟನೋವಿಗೆ ಅಂತ ಮೊದಲ ಮಾರ್ಗಸೂಚಿ ತಂದಾಗ ಒತ್ತು ಕೊಟ್ಟದ್ದು ವ್ಯಾಯಾಮ, ತಿಳಿವಳಿಕೆ, ಮನಸ್ಸಿನ ನೆರವು ಇಂಥವಕ್ಕೆ. ಸೊಂಟಕ್ಕೆ ಬೆಲ್ಟ್ ಕಟ್ಟುವುದು, ಎಳೆತದ ಚಿಕಿತ್ಸೆ, ಓಪಿಯಾಯ್ಡ್ (ಮಾರ್ಫಿನ್ ಜಾತಿಯ ನೋವಿನ) ಮಾತ್ರೆ ಮಾಮೂಲಾಗಿ ಬೇಡ ಅಂದಿತು. ವ್ಯಾಯಾಮದ ಲಾಭವೂ ದೊಡ್ಡದೇನಲ್ಲ ಅನ್ನುವುದನ್ನು ಒಪ್ಪಿಕೊಳ್ಳಬೇಕು. ಆದರೆ ಅದರಲ್ಲಿ ನರ ಸುಡುವುದಿಲ್ಲ, ಸೋಂಕಾಗುವುದಿಲ್ಲ, ಖರ್ಚು ಕಮ್ಮಿ. ಬೇಕಿರುವುದು ತಿಂಗಳುಗಟ್ಟಲೆ ತಾಳ್ಮೆ, ಅದೇ ಕಷ್ಟ.

ಆಪರೇಷನ್ ಬೇರೆ ಕಥೆ. ಡಿಸ್ಕ್ ಜಾರಿ ಕಾಲಿನ ನರ ಒತ್ತಿಕೊಂಡು, ತಿಂಗಳುಗಳಾದರೂ ಇಳಿಯದೆ, ಸ್ಕ್ಯಾನೂ ನೋವೂ ತಾಳೆಯಾದರೆ ಡಿಸ್ಕಿನ ಆಪರೇಷನ್ ಬೇಗ ಆರಾಮ ಕೊಡುತ್ತದೆ. ಹಾಗಿದ್ದಾಗ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕಿಸಿಕೊಂಡು ವರ್ಷ ಕಳೆಯುವುದರಲ್ಲಿ ಜಾಣತನ ಇಲ್ಲ.

ನಿಮ್ಮ ಪರಿಸ್ಥಿತಿಗೆ ಯಾವುದು

ಕಾಲಿಗೆ ಇಳಿಯುವ ನೋವು ಎರಡು ಮೂರು ತಿಂಗಳದ್ದು, ಕೆಲಸ ಬಿಡುವಂತಿಲ್ಲ, ಬಜೆಟ್ ಸಣ್ಣದು ಅಂದರೆ ಒಂದು ಎಪಿಡ್ಯೂರಲ್, ಎಕ್ಸ್‌ರೇ ನೋಡಿಕೊಂಡು ಹಾಕುವಂಥದ್ದು, ನ್ಯಾಯವಾದ ಆಯ್ಕೆ. ಸೊಂಟದಲ್ಲೇ ನೋವು, ವರ್ಷಗಳಿಂದ ಇದೆ, ಮೂರ್ನಾಲ್ಕು ತಿಂಗಳು ಮನಸ್ಸಿಟ್ಟು ವ್ಯಾಯಾಮ ಮಾಡಿದ್ದೀರಿ, ಆದರೂ ಇಳಿದಿಲ್ಲ ಅಂದರೆ ಎರಡು ಪರೀಕ್ಷೆ ಮಾಡಿಸಿ ಆರ್‌ಎಫ್ ಯೋಚಿಸಿ. ನಡೆದರೆ ಕಾಲು ಹಿಡಿಯುವ ವಯಸ್ಸಾದವರು ಇಂಜೆಕ್ಷನ್ನಿನಿಂದ ಹೆಚ್ಚು ನಿರೀಕ್ಷಿಸದೆ, ನಡಿಗೆಯ ದೂರ ಎಷ್ಟು ಕುಗ್ಗಿದೆ ಅನ್ನುವುದನ್ನು ಬರೆದಿಟ್ಟುಕೊಂಡು ಸರ್ಜನ್ ಒಬ್ಬರನ್ನು ಕಾಣುವುದು ವಾಸಿ. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಸ್ಟೀರಾಯ್ಡ್ ಬೇಡದ ದಾರಿ ಮೊದಲು. ಯಂತ್ರದ ಮಾತು ಬರಬೇಕಾದ್ದು ಇದೆಲ್ಲ ಮುಗಿದ ಮೇಲೆ, ಅದೂ ಯಂತ್ರ ಮಾರುವ ಕಂಪನಿಯ ಜೊತೆ ಸಂಬಂಧ ಇಲ್ಲದ ಇನ್ನೊಬ್ಬ ಡಾಕ್ಟರು ಸರಿ ಅಂದ ಮೇಲೆ.

ಯಾವುದನ್ನೇ ಮಾಡಿಸಿ, ಹಿಂದಿನ ವಾರದಿಂದಲೇ ಒಂದು ಪುಸ್ತಕದಲ್ಲಿ ನೋವಿಗೆ 10ಕ್ಕೆ ಅಂಕ ಕೊಡಿ. ಜೊತೆಗೆ ಎಷ್ಟು ಹೊತ್ತು ಕೂರಲಾಯಿತು, ಎಷ್ಟು ದೂರ ನಡೆದಿರಿ, ರಾತ್ರಿ ಎಷ್ಟು ಸಲ ಎದ್ದಿರಿ ಬರೆಯಿರಿ. ಪರೀಕ್ಷೆಯ ಇಂಜೆಕ್ಷನ್ ಆದ ದಿನ ಗಂಟೆಗೊಮ್ಮೆ ಬರೆಯಿರಿ, ಮತ್ತು ಸುಮ್ಮನೆ ಮಲಗದೆ ನೋವು ತರುವ ಕೆಲಸವನ್ನೇ ಮಾಡಿ ನೋಡಿ. ಮಲಗಿದ್ದರೆ ಯಾರಿಗೂ ನೋವು ಕಮ್ಮಿಯೇ ಅಲ್ವಾ. ಮತ್ತೊಂದು ಇಂಜೆಕ್ಷನ್ ಬೇಕಾ ಅನ್ನುವ ಪ್ರಶ್ನೆ ಬಂದಾಗ ಆ ಪುಸ್ತಕ ತೆಗೆಯಿರಿ. ಮೆಡಿಕೇರ್ ಇಟ್ಟುಕೊಂಡ ಅಳತೆ ಇಲ್ಲಿ ಚೆನ್ನಾಗಿ ಒದಗುತ್ತದೆ. ಎಪಿಡ್ಯೂರಲ್ ಆದರೆ ಕನಿಷ್ಠ ಮೂರು ತಿಂಗಳು, ಆರ್‌ಎಫ್ ಆದರೆ ಆರು ತಿಂಗಳು, ನೋವು ಅರ್ಧದಷ್ಟಾದರೂ ಇಳಿದಿರಬೇಕು. ಇಳಿದಿಲ್ಲ ಅಂತ ಪುಸ್ತಕ ಹೇಳಿದರೆ ಅದೇ ಚಿಕಿತ್ಸೆಗೆ ಎರಡನೇ ಸಲ ದುಡ್ಡು ಕಟ್ಟಬೇಡಿ.